ಶುಶ್ರೂಷಾ ವಿದ್ಯಾರ್ಥಿಗಳ ವಿಪತ್ತು ಸನ್ನದ್ಧತೆ

ಶುಶ್ರೂಷಾ ವಿದ್ಯಾರ್ಥಿಗಳ ವಿಪತ್ತು ಸನ್ನದ್ಧತೆ ಎಂದರೆ ನೆರೆ, ಭೂಕುಸಿತ, ಅಗ್ನಿ ಅವಘಡ, ಸಾಮೂಹಿಕ ಅಪಘಾತ, ಸಾಂಕ್ರಾಮಿಕ ರೋಗ ಮೊದಲಾದ ವಿಪತ್ತುಗಳು ಎದುರಾದಾಗ ಸುರಕ್ಷಿತವಾಗಿಯೂ ಕ್ರಮಬದ್ಧವಾಗಿಯೂ ಸೇವೆ ಸಲ್ಲಿಸಲು ನರ್ಸಿಂಗ್ ಶಿಕ್ಷಣ ಪಡೆಯುತ್ತಿರುವವರಲ್ಲಿ ಇರಬೇಕಾದ ಜ್ಞಾನ, ಕೌಶಲ ಮತ್ತು ಮನಃಸ್ಥೈರ್ಯ. ಪಠ್ಯದಿಂದ ಪಡೆದ ತಿಳಿವಳಿಕೆ ಇದರ ಒಂದು ಭಾಗ ಮಾತ್ರ. ಆ ತಿಳಿವಳಿಕೆಯನ್ನು ಒತ್ತಡದ ಸಂದರ್ಭದಲ್ಲಿ ಕಾರ್ಯರೂಪಕ್ಕೆ ತರುವ ಶಕ್ತಿಯೇ ಸನ್ನದ್ಧತೆಯ ನಿಜವಾದ ಅಳತೆ. ಕರ್ನಾಟಕದ ವಾಯವ್ಯ ಭಾಗದ ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕು ಈ ವಿಷಯಕ್ಕೆ ಸೂಕ್ತ ನಿದರ್ಶನಗಳಾಗಿವೆ. ದೊಡ್ಡ ಆಸ್ಪತ್ರೆಗಳೂ ಕಾಲೇಜುಗಳೂ ಇರುವ ನಗರ ಒಂದೆಡೆಯಿದ್ದರೆ, ಮಳೆಗಾಲದಲ್ಲಿ ಸಂಪರ್ಕ ಕಡಿದುಹೋಗುವ ಕಾಡಿನ ಹಳ್ಳಿಗಳು ಇನ್ನೊಂದೆಡೆ ಇವೆ.

ಪ್ರಾದೇಶಿಕ ಹಿನ್ನೆಲೆ

ಖಾನಾಪುರ ಪಟ್ಟಣವು ಬೆಳಗಾವಿಯಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಮಲಪ್ರಭಾ ನದಿಯ ದಂಡೆಯ ಮೇಲಿದೆ. ಈ ನದಿಯು ಇದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ನದಿಯ ದೊಡ್ಡ ಜಲಾಶಯವಾದ ರೇಣುಕಾ ಸಾಗರವು ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ, ಅಂದರೆ ಖಾನಾಪುರಕ್ಕಿಂತ ಕೆಳಭಾಗದಲ್ಲಿದೆ. ಆದ್ದರಿಂದ ಪಶ್ಚಿಮ ಘಟ್ಟದಲ್ಲಿ ಬಿದ್ದ ಭಾರೀ ಮಳೆಯ ನೀರು ಖಾನಾಪುರದ ಹಳ್ಳಿಗಳನ್ನು ಯಾವ ದೊಡ್ಡ ತಡೆಯೂ ಇಲ್ಲದೆ ಬೇಗನೆ ತಲುಪುತ್ತದೆ.

ಭೀಮಗಡ ವನ್ಯಜೀವಿಧಾಮದ ಒಳಗೂ ಅಂಚಿನಲ್ಲೂ ಇರುವ ಆಮಗಾಂವ, ಗವಾಳಿ, ಕೃಷ್ಣಾಪುರ ಮುಂತಾದ ಹಳ್ಳಿಗಳಿಗೆ ಮಳೆಗಾಲದಲ್ಲಿ ವಾಹನ ಸಂಚಾರ ಕಷ್ಟಸಾಧ್ಯ. ಹಳ್ಳಗಳು ತುಂಬಿ ಹರಿಯುವಾಗ ರೋಗಿಗಳನ್ನು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು ತರಬೇಕಾಗುತ್ತದೆ. ಇಂತಹ ಸ್ಥಳಗಳಲ್ಲಿ ಹೊರಗಿನ ನೆರವು ಬರುವವರೆಗಿನ ಮೊದಲ ಗಂಟೆಗಳು ನಿರ್ಣಾಯಕವಾಗಿರುತ್ತವೆ.

ಬೆಳಗಾವಿ ಜಿಲ್ಲೆಯು 2005, 2009, 2019 ಮತ್ತು 2021ರಲ್ಲಿ ನೆರೆಯ ಹಾವಳಿಗೆ ತುತ್ತಾಯಿತು. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಒಟ್ಟಿಗೆ ಉಕ್ಕಿ ಹರಿದವು. ರಾಜ್ಯದಲ್ಲಿ ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳ ಸಾಲಿನಲ್ಲಿ ಬೆಳಗಾವಿಯೂ ಸೇರಿತ್ತು. ನಗರದಲ್ಲಿ ಬಳ್ಳಾರಿ ನಾಲೆಯ ಆಸುಪಾಸಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗುವುದುಂಟು. ಪುಣೆ–ಬೆಂಗಳೂರು ಹೆದ್ದಾರಿಯು ನಗರದ ಮೂಲಕ ಸಾಗುವುದರಿಂದ ಸಾಮೂಹಿಕ ರಸ್ತೆ ಅಪಘಾತದ ಸಾಧ್ಯತೆಯೂ ಇದೆ.

ಶಿಕ್ಷಣ ಮತ್ತು ಪಠ್ಯಕ್ರಮ

ಬೆಳಗಾವಿಯು ಉತ್ತರ ಕರ್ನಾಟಕದ ಪ್ರಮುಖ ವೈದ್ಯಕೀಯ ಶಿಕ್ಷಣ ಕೇಂದ್ರಗಳಲ್ಲಿ ಒಂದು. ಕೆಎಲ್‌ಇ ಸಂಸ್ಥೆಯ ಶುಶ್ರೂಷಾ ಕಾಲೇಜು ಹಾಗೂ ಡಾ. ಪ್ರಭಾಕರ ಕೋರೆ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಯೊಂದಿಗೆ ಕೂಡಿಕೊಂಡಿರುವ ಸರ್ಕಾರಿ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬಿಮ್ಸ್) ಮೊದಲಾದವು ಇಲ್ಲಿವೆ. ಖಾನಾಪುರದಲ್ಲಿ ತಾಲ್ಲೂಕು ಆಸ್ಪತ್ರೆಯಿದೆ.

ನರ್ಸಿಂಗ್ ಶಿಕ್ಷಣದ ಮಾನದಂಡಗಳನ್ನು 1947ರ ಕಾಯ್ದೆಯನ್ವಯ ರಚಿತವಾದ ಭಾರತೀಯ ಶುಶ್ರೂಷಾ ಪರಿಷತ್ತು ನಿಗದಿಪಡಿಸುತ್ತ ಬಂದಿದೆ. ಪರಿಷತ್ತು 2021ರಲ್ಲಿ ಪರಿಷ್ಕರಿಸಿದ, ಎಂಟು ಸೆಮಿಸ್ಟರ್‌ಗಳ ಬಿಎಸ್ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಮೂಲಭೂತ ಜೀವರಕ್ಷಣಾ ತರಬೇತಿಯನ್ನು ಎರಡನೆಯ ವರ್ಷದಲ್ಲಿ ಸೇರಿಸಲಾಗಿದೆ. ವಿಪತ್ತು ನಿರ್ವಹಣೆಯು ಸಮುದಾಯ ಆರೋಗ್ಯ ಶುಶ್ರೂಷೆಯ ಎರಡನೆಯ ಭಾಗದಲ್ಲಿ, ಏಳನೆಯ ಸೆಮಿಸ್ಟರಿನಲ್ಲಿ ಬರುತ್ತದೆ. ಹೀಗಾಗಿ ವಿದ್ಯಾರ್ಥಿಯು ಕೋರ್ಸಿನ ಬಹುಭಾಗ ಮುಗಿದ ಮೇಲೆ ಈ ವಿಷಯವನ್ನು ಕ್ರಮವಾಗಿ ಅಭ್ಯಸಿಸುತ್ತಾನೆ.

ಅಗತ್ಯ ಸಾಮರ್ಥ್ಯಗಳು

ಅಂತರರಾಷ್ಟ್ರೀಯ ಶುಶ್ರೂಷಕರ ಮಂಡಳಿಯು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 2009ರಲ್ಲಿ ವಿಪತ್ತು ಶುಶ್ರೂಷೆಯ ಸಾಮರ್ಥ್ಯಗಳ ಚೌಕಟ್ಟನ್ನು ಪ್ರಕಟಿಸಿತು. 2019ರ ಪರಿಷ್ಕೃತ ಆವೃತ್ತಿಯು ಎಂಟು ಕ್ಷೇತ್ರಗಳನ್ನು ಗುರುತಿಸುತ್ತದೆ: ಸಿದ್ಧತೆ ಮತ್ತು ಯೋಜನೆ, ಸಂವಹನ, ಘಟನಾ ನಿರ್ವಹಣಾ ವ್ಯವಸ್ಥೆ, ಸುರಕ್ಷತೆ ಮತ್ತು ಭದ್ರತೆ, ಸ್ಥಿತಿಯ ಅಂದಾಜು, ಚಿಕಿತ್ಸಾ ಕ್ರಮ, ಪುನಶ್ಚೇತನ, ಕಾನೂನು ಮತ್ತು ನೀತಿ. ಇದರ ಮೊದಲ ಹಂತವು ಮೂಲ ಶಿಕ್ಷಣ ಪೂರೈಸಿದ ಪ್ರತಿಯೊಬ್ಬ ನರ್ಸ್‌ಗೂ ಅನ್ವಯಿಸುತ್ತದೆ. ಆದ್ದರಿಂದ ಅಂತಿಮ ವರ್ಷದ ವಿದ್ಯಾರ್ಥಿಯು ತಲುಪಬೇಕಾದ ಗುರಿಯೂ ಇದೇ ಆಗಿದೆ.

ಗಾಯಾಳುಗಳ ವಿಂಗಡಣೆ

ಗಾಯಾಳುಗಳ ಸಂಖ್ಯೆ ಲಭ್ಯ ಸಿಬ್ಬಂದಿಯ ಶಕ್ತಿಯನ್ನು ಮೀರಿದಾಗ ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ನಿರ್ಧರಿಸುವ ಕ್ರಮಕ್ಕೆ ಟ್ರಯಾಜ್ ಎನ್ನುತ್ತಾರೆ. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ‘ಸ್ಟಾರ್ಟ್’ ಪದ್ಧತಿ ಇವುಗಳಲ್ಲಿ ಪ್ರಸಿದ್ಧವಾದುದು. ಅದರ ವಿಭಾಗಗಳು ಇಂತಿವೆ:

ಹಸಿರು: ಸ್ವತಃ ನಡೆಯಬಲ್ಲವರು.
ಕೆಂಪು: ಉಸಿರಾಟ ನಿಮಿಷಕ್ಕೆ 30ಕ್ಕಿಂತ ಹೆಚ್ಚಿರುವವರು, ಮಣಿಕಟ್ಟಿನ ನಾಡಿ ಸಿಗದವರು ಅಥವಾ ಸರಳ ಸೂಚನೆಯನ್ನು ಪಾಲಿಸಲಾರದವರು. ಇವರಿಗೆ ತಕ್ಷಣ ಚಿಕಿತ್ಸೆ ಬೇಕು.
ಹಳದಿ: ನಡೆಯಲಾರದಿದ್ದರೂ ಮೇಲಿನ ಲಕ್ಷಣಗಳಿಲ್ಲದವರು.
ಕಪ್ಪು: ಉಸಿರಿನ ದಾರಿಯನ್ನು ತೆರವುಗೊಳಿಸಿದ ಮೇಲೂ ಉಸಿರಾಡದವರು.

ಹೆಚ್ಚು ಕೂಗಿಕೊಳ್ಳುವವರೇ ಹೆಚ್ಚು ಅಪಾಯದಲ್ಲಿರುವವರು ಎಂದು ಭಾವಿಸುವುದು ಅನನುಭವಿಗಳ ಸಾಮಾನ್ಯ ತಪ್ಪು. ಸದ್ದಿಲ್ಲದೆ ಬಿದ್ದಿರುವವರನ್ನು ಮೊದಲು ಗಮನಿಸುವ ರೂಢಿಯು ಅಭ್ಯಾಸದಿಂದ ಬರುತ್ತದೆ.

ನೆರೆಯ ಸಂದರ್ಭದ ಶುಶ್ರೂಷೆ

ನೆರೆಪೀಡಿತರಿಗಾಗಿ ತೆರೆಯುವ ಕಾಳಜಿ ಕೇಂದ್ರಗಳಲ್ಲಿ ಗಾಯಗಳಿಗಿಂತ ಕಾಯಿಲೆಗಳ ಆರೈಕೆಯೇ ಹೆಚ್ಚಾಗಿರುತ್ತದೆ. ವಾಂತಿಭೇದಿ, ಇಲಿ ಜ್ವರ, ಚರ್ಮರೋಗ, ಹಾವು ಕಡಿತ ಇವುಗಳ ಬಗ್ಗೆ ನಿಗಾ ಅಗತ್ಯ. ಓಆರ್‌ಎಸ್ ದ್ರಾವಣ ತಯಾರಿಸುವುದು, ಕ್ಲೋರಿನ್ ಮಾತ್ರೆಯಿಂದ ಕುಡಿಯುವ ನೀರನ್ನು ಶುದ್ಧೀಕರಿಸುವುದು, ಗರ್ಭಿಣಿಯರ ಮತ್ತು ಬಾಣಂತಿಯರ ಪಟ್ಟಿ ಮಾಡುವುದು, ರಕ್ತದೊತ್ತಡ ಹಾಗೂ ಮಧುಮೇಹದ ಮಾತ್ರೆಗಳನ್ನು ನೀರಿನಲ್ಲಿ ಕಳೆದುಕೊಂಡವರನ್ನು ಗುರುತಿಸುವುದು, ಮನೆಮಠ ಕಳೆದುಕೊಂಡವರಿಗೆ ಧೈರ್ಯ ತುಂಬುವುದು ವಿದ್ಯಾರ್ಥಿಗಳು ಮೇಲ್ವಿಚಾರಣೆಯಲ್ಲಿ ಮಾಡಬಹುದಾದ ಕೆಲಸಗಳು.

ಸನ್ನದ್ಧತೆಯ ಮಾಪನ

ಸನ್ನದ್ಧತೆಯನ್ನು ಅಳೆಯಲು ಬಹುಮಟ್ಟಿಗೆ ಪ್ರಶ್ನಾವಳಿಗಳನ್ನು ಬಳಸಲಾಗುತ್ತದೆ. ಇವುಗಳಲ್ಲಿ ಉತ್ತರಿಸುವವರು ತಮ್ಮ ಸಾಮರ್ಥ್ಯವನ್ನು ತಾವೇ ಅಂದಾಜು ಮಾಡುವುದರಿಂದ, ಅಂಕಗಳು ಆತ್ಮವಿಶ್ವಾಸವನ್ನು ತೋರಿಸಬಹುದೇ ಹೊರತು ಕೌಶಲವನ್ನಲ್ಲ. ಅಣಕು ಕಾರ್ಯಾಚರಣೆಯಲ್ಲಿ ವಿದ್ಯಾರ್ಥಿಯ ಕಾರ್ಯವನ್ನು ಪ್ರತ್ಯಕ್ಷವಾಗಿ ಗಮನಿಸುವುದು ಹೆಚ್ಚು ವಿಶ್ವಾಸಾರ್ಹ ವಿಧಾನ. ಎದೆಯೊತ್ತಿ ಹೃದಯಕ್ರಿಯೆಯನ್ನು ಪುನಶ್ಚೇತನಗೊಳಿಸುವಂತಹ ಕೌಶಲಗಳು ಮರು ಅಭ್ಯಾಸವಿಲ್ಲದಿದ್ದರೆ ಕೆಲವೇ ತಿಂಗಳುಗಳಲ್ಲಿ ಕುಂದುತ್ತವೆ. ಆದ್ದರಿಂದ ಒಮ್ಮೆ ಪಡೆದ ಪ್ರಮಾಣಪತ್ರವು ಶಾಶ್ವತ ಸನ್ನದ್ಧತೆಗೆ ಪುರಾವೆಯಾಗದು.

ಸವಾಲುಗಳು

ವಿದ್ಯಾರ್ಥಿಗಳು ನೋಂದಾಯಿತ ನರ್ಸ್‌ಗಳಲ್ಲ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾಗುವವರೆಗೆ ಅವರು ಅಧ್ಯಾಪಕರ ಅಥವಾ ಹಿರಿಯ ಸಿಬ್ಬಂದಿಯ ಮೇಲ್ವಿಚಾರಣೆಯಲ್ಲೇ ಕೆಲಸ ಮಾಡಬೇಕು. ವಿಪತ್ತು ನಿರ್ವಹಣಾ ಕಾಯ್ದೆ, 2005ರ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ನೇತೃತ್ವ ಜಿಲ್ಲಾಧಿಕಾರಿಗಳದು. ಪ್ರಾಧಿಕಾರದ ಯೋಜನೆಯಲ್ಲಿ ಕಾಲೇಜುಗಳ ಪಾತ್ರ ಮೊದಲೇ ನಿಗದಿಯಾಗಿದ್ದರೆ, ಸಮಯ ಬಂದಾಗ ಗೊಂದಲ ಕಡಿಮೆಯಾಗುತ್ತದೆ.

ಭಾಷೆಯೂ ಒಂದು ಮುಖ್ಯ ಅಂಶ. ಬೆಳಗಾವಿ ಮತ್ತು ಖಾನಾಪುರದಲ್ಲಿ ಕನ್ನಡದ ಜೊತೆಗೆ ಮರಾಠಿ, ಕೊಂಕಣಿ ಮತ್ತು ಉರ್ದು ಮಾತನಾಡುವವರಿದ್ದಾರೆ. “ಎಲ್ಲಿ ನೋವು?”, “ಕೈ ಎತ್ತಿ” ಎಂಬಷ್ಟನ್ನಾದರೂ ರೋಗಿಯ ಭಾಷೆಯಲ್ಲಿ ಹೇಳಬಲ್ಲವರೇ ವಿಂಗಡಣೆಯನ್ನು ಸರಿಯಾಗಿ ಮಾಡಬಲ್ಲರು. ಸೂಚನೆ ಅರ್ಥವಾಗದೆ ಸುಮ್ಮನಿದ್ದವರನ್ನು ಸೂಚನೆ ಪಾಲಿಸಲಾರದವರೆಂದು ಕೆಂಪು ಗುಂಪಿಗೆ ಸೇರಿಸುವ ಅಪಾಯವಿರುತ್ತದೆ.

ಕೆಲವು ವಿದ್ಯಾರ್ಥಿಗಳ ಸ್ವಂತ ಮನೆಗಳೇ ನೆರೆಪೀಡಿತ ಹಳ್ಳಿಗಳಲ್ಲಿರಬಹುದು. ತಮ್ಮವರ ಕ್ಷೇಮ ತಿಳಿಯದ ಹೊತ್ತಿನಲ್ಲಿ ಪರರ ಸೇವೆಗೆ ನಿಲ್ಲುವುದು ಸುಲಭವಲ್ಲ. ಆದುದರಿಂದ ಕುಟುಂಬದೊಂದಿಗಿನ ಸಂಪರ್ಕ, ಸರದಿಯ ವಿಶ್ರಾಂತಿ ಮತ್ತು ಮಾನಸಿಕ ಬೆಂಬಲ ಸನ್ನದ್ಧತೆಯ ಯೋಜನೆಯಲ್ಲಿ ಸೇರಿರಬೇಕಾದ ಅಂಶಗಳಾಗಿವೆ.