ಪತ್ರಕ್ಕೆ ಸರಿದ ಪ್ರಶ್ನೆ: ಅರಬ್–ಇಸ್ರೇಲ್ ಒಪ್ಪಂದಗಳಲ್ಲಿ ಪ್ಯಾಲೆಸ್ಟೀನ್

1979ರ ಮಾರ್ಚ್ 26ರಂದು ವಾಷಿಂಗ್ಟನ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತ್ ಮತ್ತು ಇಸ್ರೇಲಿನ ಪ್ರಧಾನಿ ಮೆನಾಖೆಮ್ ಬೆಗಿನ್ ಸಹಿ ಹಾಕಿದ ಶಾಂತಿ ಒಪ್ಪಂದದಲ್ಲಿ ಒಂಬತ್ತು ವಿಧಿಗಳಿವೆ. ಪಶ್ಚಿಮ ದಂಡೆಯ ಜನರ ಭವಿಷ್ಯದ ಬಗ್ಗೆ ಆ ಒಂಬತ್ತರಲ್ಲೂ ಒಂದು ಮಾತಿಲ್ಲ. ಎರಡನೆಯ ವಿಧಿ ಈಜಿಪ್ಟಿನ ಗಡಿಯನ್ನು ಗುರುತಿಸುವಾಗ, ಗಾಜಾ ಪಟ್ಟಿಯ ಸ್ಥಾನಮಾನಕ್ಕೆ ಇದರಿಂದ ಬಾಧೆಯಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಪ್ಯಾಲೆಸ್ಟೀನಿಯರ ಸ್ವಾಯತ್ತತೆಯ ವಿಚಾರ ಇರುವುದು ಅದೇ ದಿನ ಇಬ್ಬರೂ ಸೇರಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರಿಗೆ ಬರೆದ ಪತ್ರದಲ್ಲಿ. ಒಪ್ಪಂದ ಒಂದು ಕಡೆ, ಪತ್ರ ಇನ್ನೊಂದು ಕಡೆ. ಅರಬ್–ಇಸ್ರೇಲ್ ರಾಜತಾಂತ್ರಿಕತೆಯ ಚರಿತ್ರೆಯನ್ನು ಯುದ್ಧಗಳ ಮೂಲಕ, ನಾಯಕರ ಧೈರ್ಯ ಅಥವಾ ದ್ರೋಹಗಳ ಮೂಲಕ ಹೇಳುವುದು ರೂಢಿ. ಪ್ಯಾಲೆಸ್ಟೀನ್ ಪ್ರಶ್ನೆಯನ್ನು ಯಾವ ಒಪ್ಪಂದ ಎಲ್ಲಿ ಇರಿಸಿತು ಎಂದು ನೋಡುತ್ತ ಹೋದರೆ ಆ ಚರಿತ್ರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಈ ಲೇಖನದ ವಾದ.

ಮೊದಲ ಅರಬ್–ಇಸ್ರೇಲ್ ಯುದ್ಧವನ್ನು ನಿಲ್ಲಿಸಿದ 1949ರ ಕದನವಿರಾಮ ಒಪ್ಪಂದಗಳಲ್ಲಿ ಈ ಪ್ರಶ್ನೆಯನ್ನು ಮುಂದಕ್ಕೆ ಹಾಕಲಾಯಿತು. ವಿಶ್ವಸಂಸ್ಥೆಯ ರಾಲ್ಫ್ ಬಂಚ್ ರೋಡ್ಸ್ ದ್ವೀಪದಲ್ಲಿ ಮಧ್ಯಸ್ಥಿಕೆ ವಹಿಸಿ ಆರಂಭಿಸಿದ ಈ ಮಾತುಕತೆಗಳಿಂದ ಫೆಬ್ರುವರಿ ಮತ್ತು ಜುಲೈ ನಡುವೆ ಈಜಿಪ್ಟ್, ಲೆಬನಾನ್, ಜೋರ್ಡನ್, ಸಿರಿಯಾಗಳು ಒಂದೊಂದಾಗಿ ಇಸ್ರೇಲ್ ಜತೆ ಸಹಿ ಹಾಕಿದವು. ಆಗ ಎಳೆದ ಗೆರೆ ರಾಜಕೀಯ ಗಡಿಯಲ್ಲ ಎಂದು ಈಜಿಪ್ಟಿನ ಒಪ್ಪಂದ ಸ್ಪಷ್ಟವಾಗಿ ಬರೆದುಕೊಂಡಿತು. ನಾಲ್ಕು ದೇಶಗಳು, ನಾಲ್ಕು ಪ್ರತ್ಯೇಕ ಕಾಗದಗಳು. ಮನೆಮಠ ಕಳೆದುಕೊಂಡ ಪ್ಯಾಲೆಸ್ಟೀನಿಯರು ಯಾವ ಕಾಗದದಲ್ಲೂ ಸಹಿದಾರರಲ್ಲ. ಒಬ್ಬೊಬ್ಬರೊಡನೆ ಬೇರೆ ಬೇರೆಯಾಗಿ ಮಾತಾಡುವ ಪದ್ಧತಿ ಅಲ್ಲಿಂದಲೇ ಶುರುವಾಯಿತು. ಆ ದಾರಿಯಲ್ಲಿ ಇನ್ನೂ ಮುಂದೆ ಹೋಗಲು ನೋಡಿದ ಜೋರ್ಡನ್ ದೊರೆ ಅಬ್ದುಲ್ಲಾ 1951ರ ಜುಲೈ 20ರಂದು ಜೆರುಸಲೇಮಿನ ಅಲ್-ಅಕ್ಸಾ ಮಸೀದಿಯಲ್ಲಿ ಗುಂಡಿಗೆ ಬಲಿಯಾದರು. ಪಕ್ಕದಲ್ಲಿದ್ದ ಮೊಮ್ಮಗ ಹುಸೇನ್ ಮುಂದೆ ದೊರೆಯಾಗಿ, ನಾಲ್ಕು ದಶಕಕ್ಕೂ ಹೆಚ್ಚು ಕಾಲದ ನಂತರ ತಾವೇ ಇಸ್ರೇಲಿನೊಡನೆ ಶಾಂತಿ ಮಾಡಿಕೊಂಡರು.

1967ರ ಜೂನ್ ಯುದ್ಧ ಎಲ್ಲರ ಲೆಕ್ಕಾಚಾರವನ್ನೂ ಬುಡಮೇಲು ಮಾಡಿತು. ಸಿನಾಯ್, ಗಾಜಾ, ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗೋಲನ್ ಎಲ್ಲವೂ ಇಸ್ರೇಲಿನ ವಶವಾದವು. ಆಗಸ್ಟ್ ಕೊನೆಯಲ್ಲಿ ಸುಡಾನಿನ ಖಾರ್ತೂಮಿನಲ್ಲಿ ಸೇರಿದ ಅರಬ್ ಶೃಂಗಸಭೆ ಶಾಂತಿಯಿಲ್ಲ, ಮಾನ್ಯತೆಯಿಲ್ಲ, ಸಂಧಾನವಿಲ್ಲ ಎಂದು ಸಾರಿದ್ದು ಪ್ರಸಿದ್ಧ. ಅದೇ ಸಭೆಯ ನಿರ್ಣಯದಲ್ಲಿ ಅಷ್ಟು ಪ್ರಸಿದ್ಧವಾಗದ ಇನ್ನೆರಡು ಅಂಶಗಳಿದ್ದವು: ಆಕ್ರಮಣದ ಫಲವನ್ನು ಅಳಿಸಲು ಅಂತಾರಾಷ್ಟ್ರೀಯ ಮಟ್ಟದಲ್ಲಿ ರಾಜಕೀಯ ಪ್ರಯತ್ನ ನಡೆಸುವುದು, ಮತ್ತು ಸೌದಿ ಅರೇಬಿಯಾ, ಕುವೈತ್, ಲಿಬಿಯಾ ಸೇರಿ ವರ್ಷಕ್ಕೆ 135 ಮಿಲಿಯನ್ ಪೌಂಡ್ ನೆರವು ಕೊಡುವುದು. ಈ ಎರಡನ್ನೂ ಸೇರಿಸಿ ಓದಿದರೆ ಖಾರ್ತೂಮ್ ಬಾಗಿಲು ಹಾಕಿದ ಸಭೆಯಷ್ಟೇ ಆಗಿ ಉಳಿಯುವುದಿಲ್ಲ. ನವೆಂಬರ್ 22ರಂದು ಭದ್ರತಾ ಮಂಡಳಿ ಅಂಗೀಕರಿಸಿದ 242ನೇ ನಿರ್ಣಯವನ್ನು ಈಜಿಪ್ಟ್ ಮತ್ತು ಜೋರ್ಡನ್ ಒಪ್ಪಿಕೊಂಡಿದ್ದೂ ಇದಕ್ಕೆ ಸಾಕ್ಷಿ. ಆ ನಿರ್ಣಯದಲ್ಲಿ ಪ್ಯಾಲೆಸ್ಟೀನಿಯರ ಹೆಸರಿಲ್ಲ. ನಿರಾಶ್ರಿತರ ಸಮಸ್ಯೆಗೆ ನ್ಯಾಯಯುತ ಪರಿಹಾರ ಬೇಕು ಎಂಬ ಒಂದು ಸಾಲಿದೆ, ಅಷ್ಟೆ. ಮುಂದಿನ ಹಲವು ಒಪ್ಪಂದಗಳಿಗೆ ಆಧಾರವಾದ ದಾಖಲೆಯಲ್ಲೇ ಒಂದು ಜನಾಂಗದ ರಾಜಕೀಯ ಹಕ್ಕು ಪರಿಹಾರದ ವಿಷಯವಾಗಿ ಕುಗ್ಗಿತ್ತು ಎಂಬುದನ್ನು ಗಮನಿಸಬೇಕು.

1974ರ ಅಕ್ಟೋಬರ್‌ನಲ್ಲಿ ರಬಾತ್ ಶೃಂಗಸಭೆ ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯನ್ನು ಆ ಜನರ ಏಕೈಕ ನ್ಯಾಯಸಮ್ಮತ ಪ್ರತಿನಿಧಿ ಎಂದು ಘೋಷಿಸಿತು. ಅಂದರೆ ಪಶ್ಚಿಮ ದಂಡೆಯ ಪರವಾಗಿ ಮಾತಾಡುವ ಅಧಿಕಾರ ಜೋರ್ಡನಿಗೂ ಉಳಿಯಲಿಲ್ಲ, ಈಜಿಪ್ಟಿಗಂತೂ ಇರಲೇ ಇಲ್ಲ. ನಾಲ್ಕೇ ವರ್ಷಗಳಲ್ಲಿ ಈಜಿಪ್ಟ್ ಮಾತಾಡಿಯೂ ಬಿಟ್ಟಿತು.

1977ರ ನವೆಂಬರ್‌ನಲ್ಲಿ ಜೆರುಸಲೇಮಿಗೆ ಹೋಗಿ ಇಸ್ರೇಲಿನ ಸಂಸತ್ತಿನಲ್ಲೇ ನಿಂತು ಮಾತಾಡಿದ ಸಾದಾತ್, ತಾನು ಪ್ರತ್ಯೇಕ ಒಪ್ಪಂದಕ್ಕೆ ಬಂದಿಲ್ಲ, ಪ್ಯಾಲೆಸ್ಟೀನ್ ಸಮಸ್ಯೆ ಬಗೆಹರಿಯದೆ ಶಾಂತಿ ನಿಲ್ಲದು ಎಂದು ಹೇಳಿದ್ದರು. ಅದು ಬರಿ ಬಾಯಿಮಾತು ಎಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮುಂದಿನ ಹದಿನಾರು ತಿಂಗಳ ಜಗ್ಗಾಟದಲ್ಲಿ ಆ ಕೊಂಡಿಯನ್ನು ಉಳಿಸಿಕೊಳ್ಳಲು ಈಜಿಪ್ಟಿನ ನಿಯೋಗ ನಿಜವಾಗಿಯೂ ಹೆಣಗಿತು. ಆದರೆ ಪ್ರತಿ ಹಂತದಲ್ಲೂ ಕೊಂಡಿ ಸಡಿಲವಾಗುತ್ತ ಬಂತು, ಅದಕ್ಕೆ ಪ್ರತಿಯಾಗಿ ಸಿನಾಯ್ ಕೈಗೆ ಹತ್ತಿರವಾಗುತ್ತ ಬಂತು.

1978ರ ಸೆಪ್ಟೆಂಬರ್ 5ರಿಂದ 17ರವರೆಗೆ ಕ್ಯಾಂಪ್ ಡೇವಿಡ್‌ನಲ್ಲಿ ನಡೆದ ಸಂಧಾನದ ಕೊನೆಗೆ ಹೊರಬಂದದ್ದು ಎರಡು ಚೌಕಟ್ಟುಗಳು. ಮೊದಲನೆಯದು ಪಶ್ಚಿಮ ದಂಡೆ ಮತ್ತು ಗಾಜಾಕ್ಕೆ ಐದು ವರ್ಷದ ಸ್ವಾಯತ್ತತೆ, ಆ ಅವಧಿಯ ಮೂರನೆಯ ವರ್ಷದೊಳಗೆ ಅಂತಿಮ ಸ್ಥಾನಮಾನದ ಮಾತುಕತೆ ಎಂದಿತು. ಎರಡನೆಯದು ಈಜಿಪ್ಟ್ ಮತ್ತು ಇಸ್ರೇಲ್ ನಡುವಿನ ಒಪ್ಪಂದಕ್ಕೆ ಸಂಬಂಧಿಸಿದ್ದು. ಮೊದಲನೆಯದು ನಡೆಯಬೇಕಾದರೆ ಅಲ್ಲಿ ಇಲ್ಲದವರ ಒಪ್ಪಿಗೆ ಬೇಕಿತ್ತು. ಜೋರ್ಡನ್ ಕ್ಯಾಂಪ್ ಡೇವಿಡ್‌ಗೆ ಬಂದಿರಲಿಲ್ಲ. ದೊರೆ ಹುಸೇನ್ ಹದಿನಾಲ್ಕು ಪ್ರಶ್ನೆಗಳನ್ನು ಬರೆದು ಕಳಿಸಿದರು, ಅಕ್ಟೋಬರ್‌ನಲ್ಲಿ ಕಾರ್ಟರ್ ಕೊಟ್ಟ ಉತ್ತರ ಅವರನ್ನು ಕರೆತರಲು ಸಾಲಲಿಲ್ಲ. ಎರಡನೆಯದಕ್ಕೆ ಬೇಕಾದವರೆಲ್ಲ ಮೇಜಿನ ಸುತ್ತಲೇ ಕೂತಿದ್ದರು. ಈ ವ್ಯತ್ಯಾಸದಲ್ಲೇ ಮುಂದಿನ ಗತಿ ನಿಶ್ಚಯವಾಯಿತು. ಸ್ವಾಯತ್ತತೆಯ ಮಾತುಕತೆ ಮುಗಿಯುವವರೆಗೆ ಹೊಸ ವಸಾಹತು ಕಟ್ಟುವುದಿಲ್ಲ ಎಂದು ಬೆಗಿನ್ ಮಾತು ಕೊಟ್ಟರೆಂದು ಕಾರ್ಟರ್ ತಿಳಿದರು. ತಾನು ಒಪ್ಪಿದ್ದು ಮೂರು ತಿಂಗಳಿಗೆ ಮಾತ್ರ ಎಂದರು ಬೆಗಿನ್. ಈಜಿಪ್ಟಿನ ವಿದೇಶಾಂಗ ಸಚಿವ ಮೊಹಮ್ಮದ್ ಇಬ್ರಾಹಿಂ ಕಾಮೆಲ್ ಸಹಿ ಬೀಳುವ ಮೊದಲೇ ರಾಜೀನಾಮೆ ಕೊಟ್ಟಿದ್ದರು. ಸಾದಾತ್ ಜೆರುಸಲೇಮಿಗೆ ಹೊರಟಾಗ ಕಾಮೆಲ್ ಅವರ ಹಿಂದಿನ ಸಚಿವ ಇಸ್ಮಾಯಿಲ್ ಫಹ್ಮಿ ರಾಜೀನಾಮೆ ಕೊಟ್ಟಿದ್ದರು. ಒಂದೇ ವರ್ಷದಲ್ಲಿ ಇಬ್ಬರು ವಿದೇಶಾಂಗ ಸಚಿವರು ಒಂದೇ ನೀತಿಯ ಕಾರಣಕ್ಕೆ ಕುರ್ಚಿ ಬಿಟ್ಟರೆಂದರೆ ಕೈರೋದ ಅಧಿಕಾರಿವರ್ಗದ ಒಳಗಿನ ತಳಮಳ ಎಷ್ಟಿತ್ತೆಂದು ಊಹಿಸಬಹುದು.

ಚೌಕಟ್ಟಿನಿಂದ ಒಪ್ಪಂದಕ್ಕೆ ಸಾಗುವಾಗ ಜಗಳವೆಲ್ಲ ಆರನೆಯ ವಿಧಿಯ ಸುತ್ತ ಕೇಂದ್ರೀಕರಿಸಿತು. ಬೇರೆ ಯಾರು ಏನು ಮಾಡಿದರೂ ಮಾಡದಿದ್ದರೂ ಉಭಯ ಪಕ್ಷಗಳು ಈ ಒಪ್ಪಂದವನ್ನು ಪಾಲಿಸತಕ್ಕದ್ದು, ಇತರ ಬಾಧ್ಯತೆಗಳೊಡನೆ ತಾಕಲಾಟ ಬಂದರೆ ಇದೇ ಮೇಲು ಎಂದು ಇಸ್ರೇಲ್ ಬರೆಸಬಯಸಿತು. ಅರಬ್ ದೇಶಗಳೊಡನೆ ಈಜಿಪ್ಟ್ ಮಾಡಿಕೊಂಡಿದ್ದ ಪರಸ್ಪರ ರಕ್ಷಣೆಯ ಬದ್ಧತೆ ಇದರಿಂದ ಹಿಂದಕ್ಕೆ ಸರಿಯುತ್ತಿತ್ತು. ರಾಯಭಾರಿಗಳ ವಿನಿಮಯವನ್ನು ಸ್ವಾಯತ್ತತೆಯ ಪ್ರಗತಿಗೆ ಕಟ್ಟಿಹಾಕಬೇಕೆಂದು ಈಜಿಪ್ಟ್ ಕೇಳಿತು. ಕೊನೆಗೆ ವಿಧಿ ಉಳಿಯಿತು, ಈಜಿಪ್ಟಿನ ಆತಂಕಕ್ಕೆ ವಿವರಣೆಯ ಟಿಪ್ಪಣಿ ಸೇರಿತು, ಸ್ವಾಯತ್ತತೆ ಪತ್ರಕ್ಕೆ ಹೋಯಿತು. ಆ ಪತ್ರದ ಪ್ರಕಾರ ಅನುಮೋದನಾ ಪತ್ರಗಳ ವಿನಿಮಯವಾದ ಒಂದು ತಿಂಗಳೊಳಗೆ ಮಾತುಕತೆ ಆರಂಭ. ಒಂದು ವರ್ಷದಲ್ಲಿ ಮುಗಿಸುವುದು ಗುರಿ. ಮುಗಿಯದಿದ್ದರೆ ಏನು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಸಿನಾಯ್ ವಾಪಸಾತಿಗಾದರೋ ಮೂರು ವರ್ಷದ ಕಟ್ಟುನಿಟ್ಟಿನ ಗಡುವು, ನಕ್ಷೆಗಳು, ವಲಯವಾರು ಸೈನಿಕರ ಸಂಖ್ಯೆ: ಸೂಯೆಜ್ ಕಾಲುವೆಗೆ ತಾಗಿದ ‘ಎ’ ವಲಯದಲ್ಲಿ ಈಜಿಪ್ಟಿನ 22,000 ಮಂದಿಗಿಂತ ಹೆಚ್ಚಿರಬಾರದು ಎಂಬಷ್ಟು ಖಚಿತ. ಮರಳುಗಾಡಿನ ಬಗ್ಗೆ ಇದ್ದ ಖಚಿತತೆ ಮನುಷ್ಯರ ಬಗ್ಗೆ ಇರಲಿಲ್ಲ ಎಂಬುದು ಈ ದಾಖಲೆಗಳನ್ನು ಓದುವಾಗ ನೋವುಂಟುಮಾಡುತ್ತದೆ.

1979ರ ಮೇ 25ರ ದಿನವನ್ನೇ ತೆಗೆದುಕೊಳ್ಳಿ. ಅಂದು ಸಿನಾಯ್‌ನ ಅಲ್-ಅರೀಶ್ ಪಟ್ಟಣ ಈಜಿಪ್ಟಿಗೆ ಮರಳಿತು. ಅಂದೇ ಬೀರ್‌ಶೆಬಾದಲ್ಲಿ ಸ್ವಾಯತ್ತತೆಯ ಮಾತುಕತೆ ಶುರುವಾಯಿತು. ಒಂದು ಪ್ರಕ್ರಿಯೆ ಹಂತ ಹಂತವಾಗಿ ಮುಂದುವರಿದು 1982ರ ಏಪ್ರಿಲ್ 25ಕ್ಕೆ ಮುಗಿಯಿತು. ಇನ್ನೊಂದರ ಮುಂದಾಳತ್ವವನ್ನು ಬೆಗಿನ್ ವಿದೇಶಾಂಗ ಸಚಿವ ಮೋಶೆ ದಯಾನ್ ಅವರಿಗೆ ಕೊಡದೆ ಗೃಹ ಸಚಿವ ಯೋಸೆಫ್ ಬರ್ಗ್ ಅವರಿಗೆ ಕೊಟ್ಟರು. ಇದು ದೇಶದೊಳಗಿನ ಆಡಳಿತದ ವಿಷಯ ಎಂಬ ಸೂಚನೆ ಆ ಆಯ್ಕೆಯಲ್ಲೇ ಇತ್ತು. ದಯಾನ್ ಅಕ್ಟೋಬರ್‌ನಲ್ಲಿ ಸಂಪುಟ ತೊರೆದರು. 1980ರಲ್ಲಿ ಜೆರುಸಲೇಮ್ ಇಡಿಯಾಗಿ ಇಸ್ರೇಲಿನ ರಾಜಧಾನಿ ಎಂಬ ಕಾನೂನು ಬರುವ ಹೊತ್ತಿಗೆ ಮಾತುಕತೆ ಕುಸಿದಿತ್ತು. ರಾಯಭಾರಿಗಳು ಅದೇ ವರ್ಷದ ಫೆಬ್ರುವರಿಯಲ್ಲೇ ಕೈರೋ, ಟೆಲ್ ಅವೀವ್ ಸೇರಿಯಾಗಿತ್ತು. ಒಪ್ಪಂದಕ್ಕೆ ಸಹಿ ಬಿದ್ದ ಬೆನ್ನಿಗೇ ಅರಬ್ ಲೀಗ್ ಈಜಿಪ್ಟನ್ನು ಹೊರಗಿಟ್ಟು ಕಚೇರಿಯನ್ನು ಟ್ಯುನಿಸ್‌ಗೆ ಒಯ್ದಿತು. ಹತ್ತು ವರ್ಷದ ನಂತರ, 1989ರಲ್ಲಿ, ಒಪ್ಪಂದವನ್ನು ಕೈಬಿಡದ ಈಜಿಪ್ಟನ್ನೇ ಮರಳಿ ಸೇರಿಸಿಕೊಂಡಿತು. ಈಜಿಪ್ಟ್ ಬದಲಾಗಲಿಲ್ಲ, ಲೀಗ್ ಬದಲಾಯಿತು.

ಜೋರ್ಡನಿನ ಒಪ್ಪಂದ ಬೇರೆ ಜಾತಿಯದು. 1994ರ ಅಕ್ಟೋಬರ್ 26ರಂದು ವಾದಿ ಅರಬಾದಲ್ಲಿ ಸಹಿಯಾಗುವ ವೇಳೆಗೆ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ ನಡುವೆ ಓಸ್ಲೊ ಒಡಂಬಡಿಕೆಯಾಗಿ ಒಂದು ವರ್ಷ ಕಳೆದಿತ್ತು. ಪ್ಯಾಲೆಸ್ಟೀನಿಯರೇ ನೇರವಾಗಿ ಮಾತಾಡುತ್ತಿದ್ದುದರಿಂದ ಹುಸೇನ್ ದೊರೆಯ ಮೇಲೆ ಆ ಹೊರೆ ಇರಲಿಲ್ಲ. ಆದರೂ ಗಡಿಯ ವಿಧಿಯಲ್ಲಿ, 1967ರಲ್ಲಿ ಇಸ್ರೇಲಿ ಸೇನಾಡಳಿತಕ್ಕೆ ಒಳಪಟ್ಟ ಪ್ರದೇಶಗಳ ಸ್ಥಾನಮಾನಕ್ಕೆ ಇದರಿಂದ ಧಕ್ಕೆಯಿಲ್ಲ ಎಂದು ಸೇರಿಸಲಾಯಿತು. ಜೆರುಸಲೇಮಿನ ಮುಸ್ಲಿಂ ಪವಿತ್ರ ಸ್ಥಳಗಳಲ್ಲಿ ಜೋರ್ಡನಿನ ವಿಶೇಷ ಪಾತ್ರಕ್ಕೆ ಒಂಬತ್ತನೆಯ ವಿಧಿ ಮೀಸಲಾಯಿತು. ಇವೆಲ್ಲ ಎಚ್ಚರಿಕೆಯ ಷರಾಗಳು, ಕೊಂಡಿಗಳಲ್ಲ.

ಕೊಂಡಿಯನ್ನು ಮರಳಿ ಬೆಸೆಯುವ ದೊಡ್ಡ ಪ್ರಯತ್ನ 2002ರ ಮಾರ್ಚ್‌ನಲ್ಲಿ ಬೇರೂತಿನಲ್ಲಿ ನಡೆಯಿತು. ಸೌದಿ ಯುವರಾಜ ಅಬ್ದುಲ್ಲಾ ಮುಂದಿಟ್ಟ ಅರಬ್ ಶಾಂತಿ ಪ್ರಸ್ತಾವ ಇಡೀ ಅರಬ್ ಜಗತ್ತಿನ ಪರವಾಗಿ ಒಂದೇ ಮಾತು ಹೇಳಿತು: 1967ರ ಗಡಿಗೆ ಇಸ್ರೇಲ್ ಹಿಂದೆ ಸರಿಯಲಿ, ಪೂರ್ವ ಜೆರುಸಲೇಮ್ ರಾಜಧಾನಿಯಾಗಿ ಪ್ಯಾಲೆಸ್ಟೀನ್ ರಾಷ್ಟ್ರ ಆಗಲಿ, ನಿರಾಶ್ರಿತರಿಗೆ ಒಪ್ಪಿತ ಪರಿಹಾರ ಸಿಗಲಿ, ಆಗ ಎಲ್ಲ ದೇಶಗಳೂ ಸಹಜ ಸಂಬಂಧ ಇಟ್ಟುಕೊಳ್ಳುತ್ತವೆ. ಯಾಸರ್ ಅರಾಫತ್ ಆಗ ರಮಲ್ಲಾದಲ್ಲಿ ದಿಗ್ಬಂಧನದಲ್ಲಿದ್ದರು. ಸಭೆ ಆರಂಭವಾದ 27ರಂದೇ ನೆತನ್ಯಾದ ಹೋಟೆಲಿನಲ್ಲಿ ಹಬ್ಬದೂಟಕ್ಕೆ ಕೂತಿದ್ದವರ ಮೇಲೆ ಆತ್ಮಾಹುತಿ ದಾಳಿಯಾಯಿತು. ಎರಡು ದಿನದಲ್ಲಿ ಇಸ್ರೇಲಿ ಟ್ಯಾಂಕುಗಳು ಪಶ್ಚಿಮ ದಂಡೆಯ ಪಟ್ಟಣಗಳತ್ತ ಹೊರಟವು. ಪ್ರಸ್ತಾವ ರಕ್ತದಲ್ಲಿ ಮುಳುಗಿತು. ಅದರ ಮೇಲೆ ಗಂಭೀರ ಚರ್ಚೆಯೇ ನಡೆಯದೆ ಹೋದದ್ದು ಈ ಇಡೀ ಚರಿತ್ರೆಯ ಅತಿ ದೊಡ್ಡ ನಷ್ಟ ಎಂದು ನಾನು ಭಾವಿಸುತ್ತೇನೆ.

ಕೆಲವು ಅರಬ್ ದೇಶಗಳು ಇಸ್ರೇಲಿನೊಡನೆ ಮಾಡಿಕೊಂಡ 2020ರ ಅಬ್ರಹಾಂ ಒಪ್ಪಂದಗಳು ಆ ಕ್ರಮವನ್ನು ತಿರುವಿಹಾಕಿದವು: ಮೊದಲು ಸಂಬಂಧ, ಉಳಿದದ್ದು ಆಮೇಲೆ. ಪಶ್ಚಿಮ ದಂಡೆಯ ಭಾಗಗಳನ್ನು ವಿಲೀನಗೊಳಿಸುವ ಇಸ್ರೇಲಿನ ಯೋಜನೆಯನ್ನು ತಡೆಹಿಡಿಯುವ ಮಾತು ಆಗಸ್ಟ್ 13ರ ಜಂಟಿ ಹೇಳಿಕೆಯಲ್ಲಿ ಇತ್ತು. ಸೆಪ್ಟೆಂಬರ್ 15ರಂದು ಸಂಯುಕ್ತ ಅರಬ್ ಎಮಿರೇಟ್ಸ್ ಸಹಿ ಹಾಕಿದ ಒಪ್ಪಂದದಲ್ಲಿ ಇಲ್ಲ. ಅಲ್ಲಿ ಪ್ಯಾಲೆಸ್ಟೀನ್ ಪೀಠಿಕೆಯ ಸದಾಶಯದ ಸಾಲಾಗಿ ಉಳಿಯಿತು. ಈ ಒಪ್ಪಂದಗಳ ಸಾಲಿಗೆ ಸೇರಿದ್ದಕ್ಕೆ ಮೊರೊಕ್ಕೊಗೆ ಪಶ್ಚಿಮ ಸಹಾರಾದ ಮೇಲಿನ ಸಾರ್ವಭೌಮತ್ವಕ್ಕೆ ಅಮೆರಿಕದ ಮಾನ್ಯತೆ ಸಿಕ್ಕಿತು, ಸುಡಾನ್ ಭಯೋತ್ಪಾದನೆಗೆ ಬೆಂಬಲ ಕೊಡುವ ದೇಶಗಳ ಪಟ್ಟಿಯಿಂದ ಹೊರಬಂತು. ಪ್ರತಿಫಲ ಕೊಟ್ಟದ್ದು ವಾಷಿಂಗ್ಟನ್.

2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಗಾಜಾದ ಮೇಲಿನ ಭೀಕರ ಯುದ್ಧದ ನಡುವೆಯೂ ಈ ಒಪ್ಪಂದಗಳಲ್ಲಿ ಯಾವುದನ್ನೂ ಯಾರೂ ರದ್ದು ಮಾಡಲಿಲ್ಲ. ಜೋರ್ಡನ್ ತನ್ನ ರಾಯಭಾರಿಯನ್ನು ವಾಪಸು ಕರೆಸಿಕೊಂಡಿತು, ಒಪ್ಪಂದವನ್ನು ಮುಟ್ಟಲಿಲ್ಲ. ಗಾಜಾದ ಗಡಿಯಲ್ಲೇ ಇರುವ ಈಜಿಪ್ಟ್ ಕೂಡ ತನ್ನ ಒಪ್ಪಂದವನ್ನು ಮುಟ್ಟಲಿಲ್ಲ. ಆರನೆಯ ವಿಧಿಯನ್ನು ಬರೆದವರು ಬಯಸಿದ್ದು ಇದನ್ನೇ. ಅತ್ತ, ಯುದ್ಧಕ್ಕೆ ಕೆಲವೇ ವಾರಗಳ ಹಿಂದೆ ಇಸ್ರೇಲಿನೊಡನೆ ಸಂಬಂಧಕ್ಕೆ ದಿನದಿನಕ್ಕೂ ಹತ್ತಿರವಾಗುತ್ತಿದ್ದೇವೆ ಎಂದಿದ್ದ ಸೌದಿ ಅರೇಬಿಯಾ, 2024ರ ಫೆಬ್ರುವರಿಯಲ್ಲಿ ತನ್ನ ವಿದೇಶಾಂಗ ಸಚಿವಾಲಯದ ಮೂಲಕ ನಿಲುವನ್ನು ಲಿಖಿತವಾಗಿ ಪ್ರಕಟಿಸಿತು: 1967ರ ಗಡಿಯಲ್ಲಿ, ಪೂರ್ವ ಜೆರುಸಲೇಮ್ ರಾಜಧಾನಿಯಾಗಿ ಸ್ವತಂತ್ರ ಪ್ಯಾಲೆಸ್ಟೀನಿಗೆ ಮಾನ್ಯತೆ ಸಿಗದೆ ಇಸ್ರೇಲಿನೊಡನೆ ರಾಜತಾಂತ್ರಿಕ ಸಂಬಂಧವಿಲ್ಲ.