ಪೊರೆ ಹಣ್ಣಾಗಬೇಕೆ? ಒಂದು ವೈದ್ಯಕೀಯ ಸಲಹೆಯ ಇತಿಹಾಸ

‘ಪೊರೆ ಇನ್ನೂ ಹಣ್ಣಾಗಿಲ್ಲ, ಆಮೇಲೆ ತೆಗೆಸಿದರಾಯಿತು’ ಎಂಬ ಮಾತು ನಮ್ಮ ಹಳ್ಳಿ-ಪಟ್ಟಣಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಈ ಸಲಹೆ ಕೊಟ್ಟವರು ವೈದ್ಯರೇ, ತನ್ನ ಕಾಲಕ್ಕೆ ಅದು ಸರಿಯಾಗಿಯೂ ಇತ್ತು ಎಂಬುದು ಈ ಲೇಖನದ ವಾದ.

ಕಣ್ಣಿನ ಮಸೂರದ ತಿರುಳಿನಲ್ಲಿರುವ ಕ್ರಿಸ್ಟಲಿನ್ ಪ್ರೋಟೀನುಗಳು ಹುಟ್ಟಿನಿಂದ ಸಾಯುವತನಕ ಬದಲಾಗದೆ ಉಳಿಯುತ್ತವೆ. ವಯಸ್ಸಾದಂತೆ ಅವು ಕೆಟ್ಟು ಗಂಟುಕಟ್ಟುತ್ತವೆ. ಬೆಳಕು ಚದುರಿ ನೋಟ ಮಸುಕಾಗುತ್ತದೆ. ಇದೇ ಕಣ್ಣಿನ ಪೊರೆ. ಸಕ್ಕರೆ ಕಾಯಿಲೆ, ತಂಬಾಕು, ಸ್ಟೀರಾಯ್ಡ್ ಔಷಧಿಗಳು ಇದನ್ನು ಬೇಗನೆ ತರುತ್ತವೆ. ಪೊರೆಯನ್ನು ಕರಗಿಸುವ ಔಷಧಿ ಇಂದಿಗೂ ಇಲ್ಲ. ಶಸ್ತ್ರಚಿಕಿತ್ಸೆಯೊಂದೇ ದಾರಿ.

ಫ್ರಾನ್ಸಿನ ಝಾಕ್ ಡಾವಿಯೆಲ್ 1747ರಲ್ಲಿ ಮಸೂರದ ಚೀಲವನ್ನು ಸೀಳಿ ಪೊರೆಯನ್ನು ಹೊರತೆಗೆದ. ಮಾಗದ ಪೊರೆಯಾದರೆ ಅದರ ಅಂಟು ಭಾಗ ಒಳಗೇ ಉಳಿದು ಕಣ್ಣು ಕೆಂಪಾಗಿ ಊದಿಕೊಳ್ಳುತ್ತಿತ್ತು. ಮುಂದೆ ಚೀಲದ ಸಮೇತ ಮಸೂರವನ್ನು ತೆಗೆಯುವ ವಿಧಾನ ಬಂದಾಗ ಆ ತೊಡಕು ತಪ್ಪಿತು. ಆದರೂ ಕಾಯುವ ಕಾರಣ ಉಳಿಯಿತು. ಮಸೂರವಿಲ್ಲದ ಕಣ್ಣಿಗೆ ಸುಮಾರು +10 ಪವರಿನ ದಪ್ಪ ಕನ್ನಡಕ ಬೇಕು. ಅದು ವಸ್ತುಗಳನ್ನು ಕಾಲು ಭಾಗದಷ್ಟು ಹಿಗ್ಗಿಸಿ ತೋರಿಸುತ್ತದೆ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಎರಡೂ ಬಿಂಬಗಳು ಕೂಡುವುದಿಲ್ಲ. ಒಂದು ಎರಡಾಗಿ ಕಾಣುತ್ತದೆ. ಹೀಗಾಗಿ ನೋಟ ಬಹುತೇಕ ಹೋದವರಿಗಷ್ಟೇ ಶಸ್ತ್ರಚಿಕಿತ್ಸೆ ಲಾಭಕರವಾಗಿತ್ತು. ನಮ್ಮ ನಾಡಿನ ಡಾ. ಎಂ. ಸಿ. ಮೋದಿಯವರ ಸಾಮೂಹಿಕ ಶಿಬಿರಗಳನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. 1968ರಲ್ಲಿ ತಿರುಪತಿಯಲ್ಲಿ ಅವರು ಒಂದೇ ದಿನ 833 ಕಣ್ಣಿನ ಪೊರೆಗಳನ್ನು ತೆಗೆದರು. ಆಸ್ಪತ್ರೆಯ ಬಾಗಿಲನ್ನೇ ಕಾಣದವರಿಗೆ ಬೆಳಕು ಕೊಟ್ಟ ಆ ಸೇವೆ ದೊಡ್ಡದು. ಆದರೆ ಆ ಕಾಲದ ರೋಗಿಯ ಕನ್ನಡಕ ಒಡೆದರೆ ಕುರುಡು ಮರಳುತ್ತಿತ್ತು.

1949ರ ನವೆಂಬರಿನಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೇ ಕೃತಕ ಮಸೂರವನ್ನು ಕೂರಿಸಿದರು. ಭಾರತದ ಬಡವರಿಗೆ ಅದು ಎಟುಕಿದ್ದು 1992ರಲ್ಲಿ ಮದುರೈಯ ಆರೋಲ್ಯಾಬ್ ಅಗ್ಗದ ಮಸೂರಗಳ ತಯಾರಿಕೆಗೆ ಇಳಿದ ಮೇಲೆ. ಮಸೂರ ಕಣ್ಣಿನೊಳಗೇ ಇದ್ದರೆ ಬಿಂಬ ಹಿಗ್ಗುವುದಿಲ್ಲ, ಒಂದೇ ಕಣ್ಣಿಗೂ ಚಿಕಿತ್ಸೆ ಮಾಡಬಹುದು. ಕಾಯುವುದಕ್ಕಿದ್ದ ಆಧಾರ ಅಲ್ಲಿಗೆ ಕುಸಿಯಿತು. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ರೂಪಿಸಿದ ಫೇಕೋ ವಿಧಾನವಂತೂ ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರುತ್ತದೆ. ಪೊರೆ ಗಟ್ಟಿಯಾದಷ್ಟೂ ಅದಕ್ಕೆ ಕಷ್ಟ. ಅತಿಯಾಗಿ ಮಾಗಿದ ಪೊರೆ ಊದಿ, ಇಲ್ಲವೇ ಸೋರಿ, ಕಣ್ಣಿನ ಒತ್ತಡವನ್ನು ಏರಿಸಿ ದೃಷ್ಟಿನರವನ್ನೇ ಕೆಡಿಸಬಲ್ಲದು. ಹಾಗೆ ಹೋದ ನೋಟ ಮರಳುವುದಿಲ್ಲ.

ವಿಧಾನ ಬದಲಾಯಿತು, ಸಲಹೆ ಬದಲಾಗಲಿಲ್ಲ. 2015-19ರ ರಾಷ್ಟ್ರೀಯ ಸಮೀಕ್ಷೆಯಂತೆ 50 ದಾಟಿದವರ ಅಂಧತ್ವದಲ್ಲಿ ಶೇ. 66.2ಕ್ಕೆ ಚಿಕಿತ್ಸೆಯಾಗದ ಪೊರೆಯೇ ಕಾರಣ. ಇದಕ್ಕೆ ಬಡತನ, ದೂರ, ಜೊತೆಗೆ ಬರುವವರಿಲ್ಲದಿರುವುದು ಎಲ್ಲವೂ ಸೇರಿವೆ. ಆದರೆ ವೈದ್ಯಶಾಸ್ತ್ರ ತಾನೇ ಕೊಟ್ಟ ಸಲಹೆಯನ್ನು ಅಷ್ಟೇ ಗಟ್ಟಿಯಾಗಿ ಹಿಂತೆಗೆದುಕೊಳ್ಳಲಿಲ್ಲ ಎಂಬುದನ್ನೂ ಒಪ್ಪಬೇಕು. ವೈದ್ಯರೂ ಆಶಾ ಕಾರ್ಯಕರ್ತೆಯರೂ ಇನ್ನು ಪೊರೆ ಮಾಗಿದೆಯೇ ಎಂದು ನೋಡುವುದನ್ನು ಬಿಟ್ಟು, ಅಕ್ಕಿಯಲ್ಲಿ ಕಲ್ಲು ಕಾಣುತ್ತದೆಯೇ, ಸಂಜೆ ಒಬ್ಬರೇ ನಡೆಯುತ್ತೀರಾ ಎಂದು ಕೇಳಲಿ. ಇಲ್ಲವೆಂದರೆ ಕಣ್ಣಿನ ಪರೀಕ್ಷೆಗೆ ಕಳಿಸಲು ಅದೇ ಸಾಕು.