ಕೆಂಪು ಸಮುದ್ರದ ತಳದಲ್ಲೊಂದು ಹಡಗು

ಕಾಸರಗೋಡಿನ ಕಡಲ ಕರೆಯಲ್ಲಿ ಹುಟ್ಟಿ ಬೆಳೆದ ನನಗೆ ಸಮುದ್ರವೆಂದರೆ ದಡದಲ್ಲಿ ನಿಂತು ನೋಡುವ ವಸ್ತು. ಅದರ ತಳಕ್ಕೆ ಇಳಿಯುವ ಅವಕಾಶ ಒದಗಿದ್ದು ಹೊಟ್ಟೆಪಾಡಿಗೆಂದು ಕೊಲ್ಲಿ ದೇಶ ಸೇರಿದ ಮೇಲೆ. 2010ರಲ್ಲಿ ರಜೆ ಸಿಕ್ಕಾಗ ಗೆಳೆಯರೊಂದಿಗೆ ಈಜಿಪ್ಟಿನ ಶರ್ಮ್ ಎಲ್ ಶೇಖಿಗೆ ಹೋದೆ. ಅಲ್ಲಿಂದ ಬೆಳಕು ಹರಿಯುವ ಮೊದಲೇ ದೋಣಿಯೇರಿ ನಾವು ಹೊರಟದ್ದು 'ತಿಸಲ್‌ಗಾರ್ಮ್' ಎಂಬ ಮುಳುಗಿದ ಹಡಗನ್ನು ನೋಡಲು.

ಈ ಸರಕು ಹಡಗನ್ನು 1940ರಲ್ಲಿ ಇಂಗ್ಲೆಂಡಿನ ಸಂಡರ್‌ಲೆಂಡಿನಲ್ಲಿ ಕಟ್ಟಲಾಯಿತು. 1941ರ ಜೂನ್‌ನಲ್ಲಿ ಅದು ಗ್ಲಾಸ್ಗೋ ಬಿಟ್ಟಿತು. ಮೆಡಿಟರೇನಿಯನ್ ಸಮುದ್ರದಲ್ಲಿ ಶತ್ರುಭಯವಿದ್ದುದರಿಂದ ಇಡೀ ಆಫ್ರಿಕಾವನ್ನು ಸುತ್ತಿ ಬರಬೇಕಾಯಿತು. ಉತ್ತರ ಆಫ್ರಿಕಾದಲ್ಲಿ ಹೋರಾಡುತ್ತಿದ್ದ ಬ್ರಿಟಿಷ್ ಸೇನೆಗೆ ಬೇಕಾದ ಲಾರಿ, ಮೋಟಾರ್ ಸೈಕಲ್, ಬಂದೂಕು, ಮದ್ದುಗುಂಡು, ರಬ್ಬರ್ ಬೂಟು ಅದರಲ್ಲಿದ್ದವು. ಮೇಲಟ್ಟದಲ್ಲಿ ಎರಡು ಉಗಿ ರೈಲು ಇಂಜಿನುಗಳೂ ಇದ್ದವು. ಆ ರಣರಂಗದಲ್ಲಿ ಭಾರತದ ನಾಲ್ಕನೆಯ ಡಿವಿಜನ್ ಕೂಡ ಇತ್ತೆಂಬುದನ್ನು ನಾವು ಮರೆಯಬಾರದು. ಆ ಬೂಟುಗಳಲ್ಲಿ ಕೆಲವು ನಮ್ಮ ನಾಡಿನ ಯುವಕರ ಕಾಲನ್ನೂ ಸೇರಬಹುದಿತ್ತು.

ಸುಯೆಜ್ ಕಾಲುವೆಯ ದಾರಿ ತಡೆಯಾದ್ದರಿಂದ ಹಡಗು ಶಾಬ್ ಅಲಿ ಎಂಬ ಹವಳದ ದಿಬ್ಬದ ಮರೆಯಲ್ಲಿ ಲಂಗರು ಹಾಕಿ ಸುಮಾರು ಎರಡು ವಾರ ಕಾಯಿತು. 1941ರ ಅಕ್ಟೋಬರ್ 6ರ ನಡುರಾತ್ರಿ ಕಳೆದ ಬಳಿಕ ಜರ್ಮನಿಯ ಹೈಂಕೆಲ್ ವಿಮಾನಗಳು ಬಾಂಬು ಹಾಕಿದವು. ಒಳಗಿದ್ದ ಮದ್ದುಗುಂಡು ಸಿಡಿದು ಹಡಗಿನ ಹಿಂಭಾಗ ಹರಿದುಹೋಯಿತು. ರೈಲು ಇಂಜಿನುಗಳು ದೂರಕ್ಕೆ ಚಿಮ್ಮಿದವು. 9 ಮಂದಿ ಸತ್ತರು. ಉಳಿದವರನ್ನು 'ಕಾರ್ಲೈಲ್' ಎಂಬ ಯುದ್ಧನೌಕೆ ಎತ್ತಿಕೊಂಡಿತು.

ನಾವು ಹಗ್ಗ ಹಿಡಿದು ಇಳಿದೆವು. ಹಡಗು ಕುಳಿತಿರುವುದು ಸುಮಾರು 30 ಮೀಟರ್ ಆಳದಲ್ಲಿ. ಅಲ್ಲಿ ಒತ್ತಡ ಮೇಲಿನ ನಾಲ್ಕು ಪಟ್ಟು. ಬೆನ್ನ ಮೇಲಿನ ಸಿಲಿಂಡರಿನ ಗಾಳಿಯೂ ಅಷ್ಟೇ ವೇಗವಾಗಿ ಮುಗಿಯುತ್ತದೆ. ಉಗ್ರಾಣದೊಳಗೆ ಸಾಲಾಗಿ ನಿಂತ ಲಾರಿಗಳು, ಅವುಗಳ ಮೇಲೆ ಒತ್ತೊತ್ತಾಗಿಟ್ಟ ಮೋಟಾರ್ ಸೈಕಲ್‌ಗಳು. ಅವುಗಳ ಸಂದಿನಲ್ಲಿ ಮೀನುಗಳು ಸಂಸಾರ ಹೂಡಿದ್ದವು.

ಕೆಳಗೆ ಒಂದು ಬೂಟು ಬಿದ್ದಿತ್ತು. ಊರಿಗೆ ಒಯ್ದು ತೋರಿಸೋಣವೆಂದು ನನ್ನ ಕೈ ಮುಂದಾಯಿತು. ದಾರಿ ತೋರುವಾತ ನನ್ನ ಮಣಿಕಟ್ಟು ಹಿಡಿದು ತಲೆಯಲ್ಲಾಡಿಸಿದ. ನಾಚಿಕೆಯಾಯಿತು.

ದೋಣಿಗೆ ಮರಳಿದ ಮೇಲೆ ಅವನು ಹೇಳಿದ್ದು ಇಷ್ಟು: ಒಬ್ಬೊಬ್ಬರೂ ಒಂದೊಂದು ಚೂರು ಒಯ್ದು ಈ ಹಡಗು ಬರಿದಾಗುತ್ತಿದೆ. ಫ್ರಾನ್ಸಿನ ಕೂಸ್ಟೊ 1956ರ ತನ್ನ ಚಲನಚಿತ್ರದಲ್ಲಿ ಇದನ್ನು ಜಗತ್ತಿಗೆ ತೋರಿಸಿದ್ದ. 1990ರ ದಶಕದಿಂದ ಪ್ರವಾಸಿ ದೋಣಿಗಳು ದಂಡಿಯಾಗಿ ಬರತೊಡಗಿದವು. ಲಾರಿಗಳ ಚುಕ್ಕಾಣಿ ಚಕ್ರಗಳು ಕಾಣೆಯಾದವು. ದೋಣಿಗಳ ಹಗ್ಗ ಕಟ್ಟಿ ಎಳೆದು ಕಬ್ಬಿಣವೂ ಹರಿಯಿತು.

ಯುದ್ಧ ಮುಳುಗಿಸಿದ್ದನ್ನು ಕಡಲು ಜೋಪಾನ ಮಾಡಿತು. ನೋಡಲು ಹೋದ ನಾವು ಕೆಡಿಸುತ್ತಿದ್ದೇವೆ. ನಮ್ಮೂರ ಹಳೆಯ ಕೋಟೆ, ಶಾಸನ, ವೀರಗಲ್ಲುಗಳ ಮುಂದೆ ನಿಂತಾಗಲೂ ಈಗ ನನಗೆ ಆ ಕೈಹಿಡಿತ ನೆನಪಾಗುತ್ತದೆ. ಮನೆಯಲ್ಲಿ ಮಕ್ಕಳು ಕಡಲ ತಳದಿಂದ ಏನು ತಂದಿರೆಂದು ಕೇಳಿದರು. ಸತ್ತ ಆ ಒಂಬತ್ತು ಮಂದಿಯ ಕಥೆ ಹೇಳಿದೆ.